ಭಾವಯ್ಯನ ಮಳೆಗಾಲದ ತಿರುಗಾಟ

ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅದೇ ದಿನ ಇವರು ಬಾಯಿ ಬಿಚ್ಚುತ್ತಾರೆ. ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ 24–25ರ ಸುಮಾರಿಗೆ, ಯಕ್ಷಗಾನದ ತಿರುಗಾಟ ಮುಗಿದು ಕಿರೀಟಗಳು ಪೆಟ್ಟಿಗೆ ಸೇರಿದವೆಂದರೆ, ಬೆಂಗಳೂರು–ಮುಂಬಯಿಯ ಮಳೆಗಾಲದ ಆಟಗಳನ್ನು ಬಿಟ್ಟು, ದೀಪಾವಳಿಯ ತನಕ ರಂಗಸ್ಥಳಕ್ಕೆ ವಿಶ್ರಾಂತಿ. ಆಮೇಲಿನ ಆಟವೆಲ್ಲ ಕಾಪುವಿನ ಹೋಟೆಲಿನಲ್ಲಿ, ಉಡುಪಿಯ ಸರ್ವಿಸ್ ಬಸ್ ಸ್ಟ್ಯಾಂಡಿನಲ್ಲಿ, ಕಾರ್ಕಳದ ಮದುವೆ ಹಾಲುಗಳಲ್ಲಿ. ಯಾವ ಭಾಗವತರು ಯಾವ ಮೇಳಕ್ಕಂತೆ, ಯಾವ ಸ್ತ್ರೀವೇಷಕ್ಕೂ ಯಾವ ಪುರುಷವೇಷಕ್ಕೂ ಮಾತಿಲ್ಲವಂತೆ, ಯಾವ ಯಜಮಾನರು ಯಾರ ಮನೆ ಜಗಲಿಯಲ್ಲಿ ಕೂತು ಎಳನೀರು ಕುಡಿದರಂತೆ — ಇವನ್ನೆಲ್ಲ ಹೊತ್ತು ಊರೂರು ತಿರುಗುವ ಒಂದು ವರ್ಗ ನಮ್ಮಲ್ಲುಂಟು. ಮಳೆಗಾಲದಲ್ಲಿ ಚಿಕ್ಕಮೇಳದವರೂ ಮನೆಗೆ ಬರುತ್ತಾರೆ. ದೀಪ ಹಚ್ಚಿದರೆ ಒಂದು ಸಣ್ಣ ಪ್ರಸಂಗದ ತುಣುಕು ಆಡಿ, ಕಾಣಿಕೆ ತೆಗೆದುಕೊಂಡು ಮುಂದಿನ ಮನೆಗೆ ಹೊರಡುತ್ತಾರೆ. ಇವರು ಹೊರಡುವುದಿಲ್ಲ.

ಇವರನ್ನು ಗುರುತಿಸುವುದು ಕಷ್ಟವಲ್ಲ. ಸುದ್ದಿ ಎಲ್ಲಿಂದ ಬಂತು ಅಂದರೆ “ಚೌಕಿಯಿಂದಲೇ” ಅನ್ನುತ್ತಾರೆ. ಮಳೆಗಾಲದಲ್ಲಿ ಬಣ್ಣ ಹಚ್ಚುವ ಚೌಕಿಯೇ ಇಲ್ಲವಲ್ಲ ಎಂದು ಕೇಳಬಾರದು. ಯಾರೂ ಇಲ್ಲದ ಕಡೆ ಪಿಸುಗುಡುತ್ತಾರೆ, ಇಪ್ಪತ್ತು ಜನರಿದ್ದಲ್ಲಿ ಗಂಟಲು ತೆರೆಯುತ್ತಾರೆ. ಎರಡೂ ಕಡೆ ಮೊದಲ ವಾಕ್ಯ ಮಾತ್ರ ಒಂದೇ: “ನಿಮಗೆ ಮಾತ್ರ ಹೇಳ್ತಾ ಇದ್ದೇನೆ.” ಹೇಳಿದ್ದು ನಡೆದರೆ “ನಾನು ಜೂನಿನಲ್ಲೇ ಹೇಳಿರ್ಲಿಲ್ವಾ?”, ನಡೆಯದಿದ್ದರೆ “ಮಾತುಕತೆ ಪೂರ್ತಿ ಆಗಿತ್ತು ಮಾರಾಯ್ರೆ, ಕೊನೆ ಗಳಿಗೆಯಲ್ಲಿ ಕೈತಪ್ಪಿತು.” ಇವರನ್ನು ಸೋಲಿಸಿದವರು ಘಟ್ಟದ ಕೆಳಗೆ ಯಾರೂ ಇಲ್ಲ.

ನನ್ನ ಪಾಲಿಗೆ ಬಂದ ಪ್ರತಿ ಎಂದರೆ ಭಾವಯ್ಯ, ಹೆಂಡತಿಯ ಅಣ್ಣ. ಆದ್ದರಿಂದ ತಪ್ಪಿಸಿಕೊಳ್ಳುವ ದಾರಿ ಇಲ್ಲ. ಮನೆ ಕಾಪುವಿನಲ್ಲಿ, ದೀಪಸ್ತಂಭ ಕಾಣುವಷ್ಟು ದೂರದಲ್ಲಿ. ಕೆಲಸ ಮಾಡಿದ್ದು ಸಿಂಡಿಕೇಟ್ ಬ್ಯಾಂಕಿನಲ್ಲಿ. ಲೆಜರಿನಲ್ಲಿ ಒಂದು ಪೈಸೆ ಹೆಚ್ಚುಕಮ್ಮಿಯಾದರೆ ರಾತ್ರಿ ಎಂಟರ ತನಕ ಹುಡುಕುತ್ತಿದ್ದ ಮನುಷ್ಯ, ಮೇಳದ ಸುದ್ದಿಗೆ ಮಾತ್ರ ಒಂದು ರಸೀದಿಯನ್ನೂ ಕೇಳುವುದಿಲ್ಲ. ಇಂಥವರಿಗೆ ನನ್ನಂಥ ಕೇಳುಗನೇ ಬೇಕು. ಬಾಲಗೋಪಾಲ ವೇಷ ಒಳಗೆ ಹೋಗುವ ಮೊದಲೇ ನನಗೆ ನಿದ್ದೆ ಹತ್ತುತ್ತದೆ, ಎಚ್ಚರವಾಗುವುದು ಮಂಗಳ ಪದ್ಯಕ್ಕೆ. ಚಂಡೆಯ ಪಕ್ಕದಲ್ಲಿ ಹೀಗೆ ಮಲಗಬಲ್ಲವನೆಂದು ಅತ್ತೆಮನೆಯಲ್ಲಿ ನನಗೊಂದು ಹೆಸರುಂಟು, ವಿಮರ್ಶಕನೆಂದು ಇಲ್ಲ.

ಆದರೂ ಕಾರ್ಕಳದ ಆ ಮದುವೆಗೆ ನಾನು ಪೂರ್ತಿ ಎಚ್ಚರದಲ್ಲಿದ್ದೆ. ಶ್ರಾವಣದ ಮುಹೂರ್ತ, ಹೊರಗೆ ಹನಿ ಕಡಿಯದ ಮಳೆ. ಊಟಕ್ಕೆ ಕೂತು ಸಾರು ಬರುವ ಹೊತ್ತಿಗೆ ಭಾವಯ್ಯ ನನ್ನ ಮೊಣಕೈ ತಿವಿದರು.

“ಭಾವ, ಎದುರು ಪಂಕ್ತಿ ನೋಡ್ಬೇಡಿ.”

ನೋಡಿದೆ.

“ನೋಡ್ಬೇಡಿ ಹೇಳಿದ್ದಲ್ವಾ!”

ಎದುರು ಪಂಕ್ತಿಯಲ್ಲಿ ಒಬ್ಬ ಹೆಸರಾಂತ ಭಾಗವತರು, ಅವರಿಂದ ಎರಡು ಎಲೆ ಆಚೆ ಬೇರೊಂದು ಮೇಳದ ಯಜಮಾನರು. ಇಬ್ಬರೂ ಅನ್ನ ಕಲಸುತ್ತಿದ್ದರು. ನನಗೆ ಕಂಡದ್ದು ಅಷ್ಟೇ. ಹೋಳಿಗೆ ಬಂದಾಗ ಯಜಮಾನರು ಬಡಿಸುವ ಹುಡುಗನಿಗೆ “ಅವರಿಗೆ ಇನ್ನೊಂದು ಹಾಕು” ಅಂದರು. ಭಾವಯ್ಯನ ಕೈ ಎಲೆಯ ಮೇಲೆ ನಿಂತೇ ಹೋಯಿತು.

“ಮುಗೀತು. ಒಬ್ಬ ಯಜಮಾನ ಬೇರೆ ಮೇಳದ ಭಾಗವತರಿಗೆ ಸುಮ್ಮನೆ ಎರಡನೇ ಹೋಳಿಗೆ ಹಾಕಿಸ್ತಾನಾ?”

ಪಾಯಸ ಬರುವುದರೊಳಗೆ ಆಚೀಚೆಯ ಇಬ್ಬರಿಗೆ ಗೊತ್ತಾಯಿತು. ಕೈತೊಳೆಯುವಲ್ಲಿ ಮತ್ತೆ ಮೂವರಿಗೆ. ಭಾವಯ್ಯನಿಗೆ ಅಷ್ಟೂ ಸಾಲಲಿಲ್ಲ. ಯಜಮಾನರು, ಭಾಗವತರು ಬೀಡಾದ ಮೇಜಿನ ಹತ್ತಿರ ಮಾತಿಗೆ ನಿಂತದ್ದನ್ನು ಕಂಡು, “ನನ್ನ ಮುಖಪರಿಚಯ ಅವರಿಗುಂಟು, ನೀವು ಹೋಗಿ” ಎಂದು ನನ್ನನ್ನು ಅತ್ತ ದೂಡಿದರು. ನಾನು ಒಂದು ಬೀಡಾ ಹಾಕಿಕೊಂಡು, ಇನ್ನೊಂದನ್ನು ಹುಡುಕುವವನಂತೆ ನಟಿಸುತ್ತ ಕಿವಿ ಕೊಟ್ಟೆ. ಅಡಿಕೆಯ ಕೊಳೆರೋಗದ ಮಾತು.

“ಮದ್ದು ಎಷ್ಟು ಸಲ ಹೊಡೆಸಿದ್ರಿ?”

“ಎರಡು ಸಲ ಆಯ್ತು. ಮೂರನೇದಕ್ಕೆ ಮಳೆ ಬಿಡ್ಬೇಕಲ್ಲ.”

ಬಂದು ಇದ್ದದ್ದನ್ನು ಇದ್ದ ಹಾಗೆ ಒಪ್ಪಿಸಿದೆ. ಭಾವಯ್ಯ ಕಣ್ಣು ಮುಚ್ಚಿ ಒಂದು ನಿಮಿಷ ಯೋಚಿಸಿದರು.

“ಎರಡು ಸಲ ಅಂದ್ರೆ ಎರಡು ವರ್ಷದ ಕರಾರು. ಮೂರನೇ ವರ್ಷಕ್ಕೆ ಇವರು ಒಪ್ಪಲಿಲ್ಲ. ಬುದ್ಧಿವಂತರು.”

ಸಂಜೆ ಕಾಪುವಿನಲ್ಲಿ ಬಸ್ಸಿಳಿದು ಚಾ ಕುಡಿಯಲು ಹೊಕ್ಕರೆ, ಗಲ್ಲಾದಲ್ಲಿ ಕೂತವರು ಭಾವಯ್ಯನನ್ನು ಹತ್ತಿರ ಕರೆದು, “ನಿಮಗೆ ಮಾತ್ರ ಹೇಳ್ತಾ ಇದ್ದೇನೆ” ಎಂದು ಶುರುಮಾಡಿದರು. ಅದೇ ಭಾಗವತರು, ಅದೇ ಮೇಳ, ಅದೇ ಎರಡು ವರ್ಷ. ಜೊತೆಗೆ ಹತ್ತು ಲಕ್ಷ ಮುಂಗಡ. ಮಧ್ಯಾಹ್ನ ಕಾರ್ಕಳದಲ್ಲಿ ಬರಿಮೈಯಲ್ಲಿ ಬಿಟ್ಟ ಸುದ್ದಿ ಸಂಜೆಗೆ ವೇಷ ಕಟ್ಟಿಕೊಂಡು ಕಾಪುವಿನಲ್ಲಿ ಪ್ರವೇಶ ಮಾಡಿತ್ತು. ಹೆತ್ತವರಿಗೇ ಗುರುತು ಸಿಗಲಿಲ್ಲ. ಭಾವಯ್ಯ ನನ್ನ ಕಡೆ ತಿರುಗಿ, “ಕೇಳಿದ್ರಾ? ಈಗ ಬೇರೆ ಕಡೆಯಿಂದಲೂ ಬಂತು. ಇನ್ನು ಸಂಶಯ ಇಲ್ಲ” ಅಂದರು. ದೀಪಾವಳಿ ಕಳೆದು ಗೆಜ್ಜೆ ಕಟ್ಟಿದಾಗ ಭಾಗವತರು ಹಳೆಯ ಮೇಳದಲ್ಲೇ ಇದ್ದರು. ಕೇಳಿದ್ದಕ್ಕೆ ಭಾವಯ್ಯ ಸಿಡುಕಿದರು: “ಹಾಗಾದ್ರೆ ಹೋಳಿಗೆ ಹಾಕಿಸಿದ್ದು ಸುಳ್ಳಾ?”

ಇಂಥವರ ಎರಡನೆಯ ಕಸುಬು, ಯಾವ ಮೇಳ ದೊಡ್ಡದು ಎಂದು ತೀರ್ಪು ಕೊಡುವುದು. ಹರಕೆಯಾಟದ ಪಟ್ಟಿ ನೋಡಿದರೆ ಕಟೀಲು, ಮಂದಾರ್ತಿ ದೊಡ್ಡವು. ಹರಕೆ ಹೇಳಿಕೊಂಡವರು ತಮ್ಮ ಸರದಿಗೆ ವರ್ಷಗಟ್ಟಲೆ ಕಾಯುತ್ತಾರೆ, ಮಂದಾರ್ತಿಗೆ ಐದು ಮೇಳ, ಕಟೀಲಿನಲ್ಲಿ ಆರಿದ್ದದ್ದು ಈಗ ಏಳಾಗಿದೆ. “ಅದು ದೇವಿಯ ದೊಡ್ಡತನ, ಲೆಕ್ಕಕ್ಕೆ ಹಿಡಿಯಬಾರದು” ಎಂದು ಭಾವಯ್ಯ ಅದನ್ನು ಬದಿಗಿಡುತ್ತಾರೆ. ಸಾಲಿಗ್ರಾಮ, ಪೆರ್ಡೂರಿನಂಥ ಡೇರೆ ಮೇಳಗಳಲ್ಲಿ ಟಿಕೆಟಿನ ಕಲೆಕ್ಷನ್ನೇ ಅಳತೆ ಎಂದರೆ, “ಹೊಸ ಪ್ರಸಂಗ ಒಂದು ವರ್ಷ ಓಡ್ತದೆ, ಮರುವರ್ಷ ಕುರ್ಚಿ ಖಾಲಿ” ಅನ್ನುತ್ತಾರೆ. ಇತಿಹಾಸ ಎಂದರೆ ಧರ್ಮಸ್ಥಳ ಮೇಳವನ್ನು ಎತ್ತಿ ಹಿಡಿದು, ಮರುಕ್ಷಣ “ಕಾಲಮಿತಿ ಮಾಡಿದ್ರಲ್ಲ” ಎಂದು ಕೆಳಗಿಳಿಸುತ್ತಾರೆ. ಜೋಡಾಟವೊಂದೇ ನ್ಯಾಯವಾದ ಪರೀಕ್ಷೆಯಂತೆ. ಒಂದೇ ಬಯಲಿನಲ್ಲಿ ಎರಡು ರಂಗಸ್ಥಳ, ಎರಡು ಮೇಳ, ಒಂದೇ ಪ್ರಸಂಗ. ನಡುರಾತ್ರಿ ಕಳೆದ ಮೇಲೆ ಜನ ಯಾವ ಕಡೆಗೆ ಸರಿದು ಕೂತರೋ ಆ ಮೇಳ ದೊಡ್ಡದು. ಬೆಳಗಾದ ಮೇಲೆ ಎರಡೂ ಕಡೆಯವರು ತಾವೇ ಗೆದ್ದೆವೆಂದು ಹೇಳಿಕೊಂಡು ಮನೆಗೆ ಹೋಗುತ್ತಾರೆ ಎಂಬುದು ಬೇರೆ ಮಾತು.

ಎಲ್ಲ ಅಳತೆಗಳೂ ಕೈಕೊಟ್ಟ ಮೇಲೆ ಭಾವಯ್ಯ ಒಂದು ಸೂತ್ರ ಕಟ್ಟಿದರು: “ಬಿಟ್ಟು ಹೋದವನು ಸಣ್ಣವನಾದರೆ ಮೇಳ ದೊಡ್ಡದು, ಉಳಿದ ಮೇಳ ಸಣ್ಣದಾದರೆ ಹೋದವನು ದೊಡ್ಡವನು.” ನಾನೂ ಒಪ್ಪಿದೆ, ಕ್ಷೌರದಂಗಡಿಯಲ್ಲಿ ನನ್ನದೇ ಎಂಬ ಹಾಗೆ ಗಂಭೀರವಾಗಿ ಹೇಳಿಯೂ ಬಂದೆ. ಆದರೆ ಪಟ್ಲ ಸತೀಶ ಶೆಟ್ಟರು ಕಟೀಲು ಮೇಳದಿಂದ ಹೊರಬಂದು, 2020ರಲ್ಲಿ ಹೊಸದಾಗಿ ಹೊರಟ ಪಾವಂಜೆ ಮೇಳದ ಭಾಗವತಿಕೆ ಹಿಡಿದಾಗ ಸೂತ್ರ ಎರಡೂ ಕಡೆಯಿಂದ ಹರಿಯಿತು. ಪಾವಂಜೆಯ ಆಟಕ್ಕೆ ಜನ ಕಿಕ್ಕಿರಿದರು, ಕಟೀಲಿನ ಹರಕೆಯ ಸಾಲೂ ಕರಗಲಿಲ್ಲ. ಯಾರೂ ಸಣ್ಣವರಾಗಲಿಲ್ಲ. ಭಾವಯ್ಯನಿಗೆ ಒಂದು ವಾರ ಊಟ ಸೇರಲಿಲ್ಲ.

ಅವರ ಮಗ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಅವನಿಗೆ ಆಟ ಅಂದರೆ ಫುಟ್‌ಬಾಲು, ಮೇಳ ಅಂದರೆ ಮ್ಯಾಂಚೆಸ್ಟರ್ ಯುನೈಟೆಡ್. ರಜೆಗೆ ಮನೆಗೆ ಬಂದಾಗ ರಾತ್ರಿ ಒಂದೂವರೆಗೆ ಎದ್ದು ಪಂದ್ಯ ನೋಡುವುದಕ್ಕೆ ಅಪ್ಪನ ವಿರೋಧ. ಬೆಳಗಿನ ಜಾವದ ಬಣ್ಣದ ವೇಷಕ್ಕಾಗಿ ಯೌವನವಿಡೀ ಗದ್ದೆಯಲ್ಲಿ ಚಾಪೆ ಹಾಸಿ ಕಳೆದವರು, “ನಿದ್ದೆಗೆಟ್ಟು ಯಾರೋ ಚೆಂಡು ಒದೆಯುವುದನ್ನು ನೋಡಿದ್ರೆ ನಿನಗೆಂತ ಸಿಗ್ತದೆ?” ಎಂದು ಗದರುತ್ತಿದ್ದರು. ಒಂದು ದಿನ ಹುಡುಗ ಫೋನಿನಲ್ಲಿ ಗೆಳೆಯನೊಡನೆ, ಕ್ಲಬ್ಬಿಗೆ ಮುಂದಿನ ಮ್ಯಾನೇಜರ್ ಯಾರೆಂದು ಪಿಸುಗುಡುವುದು ಅಪ್ಪನ ಕಿವಿಗೆ ಬಿತ್ತು. ಆ ಪಿಸುಮಾತಿನ ಧಾಟಿ ಅವರಿಗೆ ಚೆನ್ನಾಗಿ ಗೊತ್ತು.

“ಮ್ಯಾನೇಜರ್ ಅಂದ್ರೆ ಬ್ಯಾಂಕಿನ ಹಾಗಾ?”

“ಅಲ್ಲಪ್ಪ. ಅವ ಆಡುವುದಿಲ್ಲ. ಯಾರು ಯಾವಾಗ ಎಂತ ಮಾಡ್ಬೇಕು ಹೇಳುವವ.”

“ಹಾಗೆ ಹೇಳು. ಭಾಗವತ.”

ಅಲ್ಲಿಂದ ಅಪ್ಪ–ಮಗನ ಮಾತು ನಿಲ್ಲಲಿಲ್ಲ. ಅಲೆಕ್ಸ್ ಫರ್ಗ್ಯೂಸನ್ 1986ರಿಂದ 2013ರವರೆಗೆ ಒಂದೇ ಕ್ಲಬ್ಬಿನಲ್ಲಿದ್ದರು ಎಂದಾಗ ಭಾವಯ್ಯ ಕೈಮುಗಿದರು: “ನಮ್ಮ ಬಲಿಪ ನಾರಾಯಣ ಭಾಗವತರ ಹಾಗೆ. ದಶಕಗಟ್ಟಲೆ ಕಟೀಲು ಒಂದೇ.” ಆಮೇಲೆ ಬಂದ ಡೇವಿಡ್ ಮೋಯ್ಸ್‌ರನ್ನು 2014ರ ಏಪ್ರಿಲ್‌ನಲ್ಲಿ, ಮೊದಲ ಋತು ಮುಗಿಯುವ ಮೊದಲೇ, ಮನೆಗೆ ಕಳಿಸಿದರು ಎಂದಾಗ ಅವರಿಗೆ ನಿಜವಾಗಿ ಕೆಡುಕೆನಿಸಿತು: “ಪತ್ತನಾಜೆಗೆ ಮೊದಲೇ ಗೆಜ್ಜೆ ಬಿಚ್ಚಿಸಿದ್ರಾ? ಛೆ, ಇದು ಯಜಮಾನಿಕೆಯಾ?” ಆ ಮೇಲಿನ ವಾನ್ ಗಾಲ್, ಮೌರಿನ್ಯೊ, ಸೋಲ್‌ಶಾಯರ್, ಟೆನ್ ಹಾಗ್ ಇವರ ಹೆಸರು ಕೇಳುತ್ತ ಹೋದ ಹಾಗೆ ಅವರ ಮುಖದಲ್ಲಿ ಮಳೆಗಾಲದ ಕಳೆ ಬಂತು. 2013ರಲ್ಲಿ ಹುಟ್ಟಿ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದ ಬೆಂಗಳೂರು ಎಫ್‌ಸಿಯನ್ನು ಅವರು ಕೇಳಿದ ಕೂಡಲೇ ಪಾವಂಜೆಯ ಪಕ್ಕದಲ್ಲಿ ಇಟ್ಟರು.

ದೊಡ್ಡ ಕ್ಲಬ್ ಯಾವುದು ಎಂಬ ಪ್ರಶ್ನೆ ಅಲ್ಲೂ ಉಂಟೆಂದು ತಿಳಿದಾಗಂತೂ ಹಬ್ಬ. ಹುಡುಗ ಕಪ್ಪುಗಳನ್ನು ಎಣಿಸುವ ಪಕ್ಷದವನು. 1955ರಿಂದ 2025ರವರೆಗೆ ಇಂಗ್ಲೆಂಡಿನ ಒಂದೂ ದೊಡ್ಡ ಕಪ್ಪು ಕಾಣದ ನ್ಯೂಕಾಸಲ್‌ಗೆ ಐವತ್ತು ಸಾವಿರ ಜನ ಬರುತ್ತಾರೆ, ಅವರಿಗೆ ಬುದ್ಧಿ ಇಲ್ಲ ಅಂದ. “ಎಪ್ಪತ್ತು ವರ್ಷ ಕಪ್ಪಿಲ್ಲದೆ ಡೇರೆ ತುಂಬಿತಾ? ಮೇಳ ಅಂದ್ರೆ ಅದು!” ಎಂದು ಅಪ್ಪ ತೊಡೆ ತಟ್ಟಿದರು. ಆಗ ಹುಡುಗ ನಾಟಿಂಗ್‌ಹ್ಯಾಮ್ ಫಾರೆಸ್ಟಿನ ಕಥೆ ಹೇಳಿದ. ಬ್ರಯನ್ ಕ್ಲಫ್ ಎಂಬ ಮ್ಯಾನೇಜರ್. 1978ರಲ್ಲಿ ದೇಶದ ಲೀಗು, 1979, 1980ರಲ್ಲಿ ಸತತ ಎರಡು ಸಲ ಯುರೋಪಿನ ಕಪ್ಪು. ಕ್ಲಫ್ ಹೋದ ಮೇಲೆ ಇಳಿಯುತ್ತ ಇಳಿಯುತ್ತ 2005ರಲ್ಲಿ ಮೂರನೆಯ ದರ್ಜೆಗೆ.

ಭಾವಯ್ಯ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ “ಸುರತ್ಕಲ್” ಅಂದರು.

ಸುರತ್ಕಲ್ ಮೇಳ ಅವರ ಮೊದಲ ಮೇಳ. ಅಗರಿ ರಘುರಾಮ ಭಾಗವತರ ಪದ್ಯ, ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ. ಟಿಕೆಟಿಗೆ ದುಡ್ಡಿಲ್ಲದೆ ಡೇರೆಯ ಹೊರಗೆ ನಿಂತು ಕೇಳಿದ ರಾತ್ರಿಗಳು. ಆ ಮೇಳ ನಿಂತೇ ಹೋಯಿತು. ಫಾರೆಸ್ಟ್ 2022ರಲ್ಲಿ ಪ್ರೀಮಿಯರ್ ಲೀಗಿಗೆ ಹಿಂತಿರುಗಿತು ಎಂದು ಹುಡುಗ ಸಮಾಧಾನ ಹೇಳಿದ. “ಅವರದ್ದು ಬಂತು” ಅಂದರು ಅಪ್ಪ.

ಆಗ ನನಗೆ ಭಾವಯ್ಯನ ಬ್ಯಾಂಕು ನೆನಪಾಯಿತು. 1925ರಲ್ಲಿ ಉಡುಪಿಯಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಹುಟ್ಟಿ, 1928ರಿಂದ ದಿನಕ್ಕೆ ಎರಡಾಣೆಯ ಪಿಗ್ಮಿ ಕೂಡಿಸುತ್ತ ಮನೆಮನೆಯ ಜಗಲಿ ಹತ್ತಿದ ಬ್ಯಾಂಕು ಅದು. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕು ಬರೋಡಾದೊಳಗೆ ಹೋದಾಗ, ಮುಂದೆ ಯಾರು ಎಂದು ಊರೆಲ್ಲ ಲೆಕ್ಕ ಹಾಕುತ್ತಿತ್ತು. ಎರಡನೇ ಹೋಳಿಗೆಯಲ್ಲಿ ಕರಾರು ಓದಬಲ್ಲ ಭಾವಯ್ಯ ಆ ಮಾತೆತ್ತಿದರೆ ಎದ್ದು ತೋಟಕ್ಕೆ ಹೋಗುತ್ತಿದ್ದರು. ಆಗಸ್ಟ್ 30ಕ್ಕೆ ಘೋಷಣೆ ಬಂತು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕು ಕೆನರಾದೊಳಗೆ, ಉಡುಪಿಯದೇ ಆದ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ನಿನೊಳಗೆ. ಅದರ ಬಗ್ಗೆ ಭಾವಯ್ಯ ಒಂದು ಸುದ್ದಿಯನ್ನೂ ಹುಟ್ಟಿಸಲಿಲ್ಲ, ಬಂದದ್ದನ್ನು ಹರಡಲೂ ಇಲ್ಲ. ಮುಂದಿನ ತಿರುಗಾಟ ಇದ್ದರೆ ಮಾತ್ರ ಈ ಜನಕ್ಕೆ ನಾಲಗೆ ಏಳುವುದು. ಯಾರು ಎಲ್ಲಿಗೆ ಹೋದರೂ ದೀಪಾವಳಿ ಕಳೆದ ಮೇಲೆ ಚಂಡೆ ಕೇಳಿಸುತ್ತದೆ ಎಂಬ ಧೈರ್ಯದ ಮೇಲೆ ಇವರ ಸುಳ್ಳುಗಳೆಲ್ಲ ನಿಂತಿವೆ. ಮೇಳ ದೊಡ್ಡದೋ ಸಣ್ಣದೋ ಅಳೆಯಲು ಕಲೆಕ್ಷನ್, ಕಪ್ಪು, ಹರಕೆ ಎಲ್ಲ ಇರಲಿ. ಮಳೆಗಾಲದಲ್ಲಿ ಸುಳ್ಳು ಹುಟ್ಟಿಸಲಿಕ್ಕೂ ಯಾರೂ ಇಲ್ಲದ ಮೇಳ ದೊಡ್ಡದಾಗಿ ಉಳಿದದ್ದನ್ನು ನಾನಂತೂ ಕಾಣೆ.

ಇಷ್ಟು ಹೊಗಳಿದೆನೆಂದು ನೀವು ಮೋಸ ಹೋಗಬೇಡಿ. ಉಡುಪಿ–ಕಾರ್ಕಳ ಬಸ್ಸಿನಲ್ಲಿ ಪಕ್ಕದವರು ಕೊಡೆ ಮಡಚಿ, ಆಚೀಚೆ ನೋಡಿ, “ನಿಮಗೆ ಮಾತ್ರ” ಎಂದರೆ ಮಣಿಪಾಲದಲ್ಲೇ ಇಳಿದುಬಿಡಿ. ಅಲ್ಲಿ ತಪ್ಪಿದರೆ ಹಿರಿಯಡಕ ಉಂಟು. ಅಲ್ಲೂ ಇಳಿಯದೆ “ಮುಂಗಡ ಎಷ್ಟಂತೆ?” ಎಂದು ಕೇಳಿದಿರೋ, ಕಾರ್ಕಳದವರೆಗಿನ ಟಿಕೆಟಿನ ಬಾಕಿ ದುಡ್ಡನ್ನು ಕಂಡಕ್ಟರ್ ನಿಮ್ಮಿಂದಲೇ ವಸೂಲು ಮಾಡುತ್ತಾನೆ.