ನಡೆದಾಡುವ ಬಡಾವಣೆ

‘ರಾಯ್ರೇ, ಮಲ್ಲೇಶ್ವರಾನ ನಡೆದಾಡೋ ಬಡಾವಣೆ ಮಾಡ್ತಾರಂತೆ!’ ಎಂದ ಸೀನ.

‘1898ರ ಪ್ಲೇಗ್ ಬಂದಾಗಲೇ ಮಾಡಿದ್ರಲ್ಲೋ? ಅಗಲ ರಸ್ತೆ, ಮನೆ ಹಿಂದೆ ಓಣಿ, ಸಾಲುಮರ...’

‘ಅದೇ ಮರ ಕಡಿದು ಫುಟ್‌ಪಾತ್ ಅಗಲ ಮಾಡ್ತಾರೆ. ನೆರಳಿಗೆ ಫೈಬರ್ ಚಾವಣಿ!’

‘ಫುಟ್‌ಪಾತ್ ಮೇಲಿನ ಟ್ರಾನ್ಸ್‌ಫಾರ್ಮರು?’

‘ಇರುತ್ತೆ. ಅದರ ಹತ್ರ ಯಾರೂ ನಡೆಯಲ್ಲ, ಓಡ್ತಾರೆ. ಹಾರ್ಟಿಗೆ ಒಳ್ಳೇದು.’

ರಾಯರ ಮೊಣಕಾಲಿಗೆ ಈ ಮಾತು ಹಿಡಿಸಲಿಲ್ಲ. ‘ಬೈಕುಗಳು?’

‘ಜಾಮ್ ಆದಾಗ ಮಾತ್ರ ಮೇಲೆ ಹತ್ತುತ್ವೆ.’

‘ಜಾಮ್ ಯಾವಾಗ ಇರಲ್ಲ?’

‘ಬಂದ್ ದಿನ.’

‘ಕೆಲಸ ಮುಗಿಯೋದು ಯಾವಾಗಪ್ಪಾ?’

‘ಅದು ಗೊತ್ತಿಲ್ಲ, ಟೆಂಡರ್ ಅಂತೂ ಶ್ಯೂರ್! ಉದ್ಘಾಟನೆಗೆ ಬಂದ್ಬಿಡಿ ರಾಯ್ರೇ.’

‘ನಡ್ಕೊಂಡೇ ಬರ್ತೀನಿ.’

‘ಅಯ್ಯೋ, ಕಾಲು ಮುರ್ಕೊಂಡೀರಿ! ಕಾರಲ್ಲೇ ಬನ್ನಿ. ಪಾರ್ಕಿಂಗು ಫುಟ್‌ಪಾತ್ ಮೇಲೇ ಇಟ್ಟಿದಾರೆ.’