ಗೋಡೆಯ ಮೇಲೆ ಕಾಶಿ, ಕೂತವರ ಬಾಯಲ್ಲಿ ಹಂಪಿ

‘ಕಾಶಿಗೆ ಹೋಗಿ ಬಂದ್ರಂತಲ್ರೀ ಮೇಷ್ಟ್ರೆ, ಸಂಘದಾಗೆ ಫೋಟೋ ಯಾವಾಗ ತೋರಿಸ್ತೀರಿ?’ ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯ ಅಕ್ಕ ಕೇಳಿದರು.

‘ಶನಿವಾರ ಸಂಜೆ ಬರ್ರಿ ಅಕ್ಕಾ. ನಿಮ್ಮತ್ತೇನೂ ಕರ್ಕೊಂಡು ಬರ್ರಿ’ ಅಂದೆ.

‘ಅಯ್ಯೋ, ಅವ್ರಿಗೆ ಕಣ್ಣು ಮಂಜು. ಬಂದು ಏನು ನೋಡ್ತಾರ?’

‘ಕಿವಿ ಚುರುಕೈತಲ್ಲ, ಸಾಕು.’

ಇದು ಅಕ್ಕನನ್ನು ಒಪ್ಪಿಸಲು ಆಡಿದ ಮಾತಲ್ಲ. ಪ್ರವಾಸದ ಚಿತ್ರ ತೋರಿಸಿ ಮಾತಾಡುವ ಈ ಹವ್ಯಾಸದಲ್ಲಿ ಚಿತ್ರಕ್ಕಿಂತ ಅದರ ಸುತ್ತ ಏಳುವ ಮಾತು ದೊಡ್ಡದು ಎಂದು ನಾನು ಮನಸಾರೆ ನಂಬಿದ್ದೇನೆ. ಕಾಶಿಯ ಗಂಗಾರತಿ ಈಗ ಎಲ್ಲರ ಮೊಬೈಲಿನಲ್ಲೂ ಸಿಗುತ್ತದೆ. ಅದನ್ನು ಹತ್ತು ಜನ ಜೊತೆಗೆ ಕೂತು ನೋಡಿ, ‘ಅಲ್ಲಿ ಹಂಗಾ, ನಮ್ಮಲ್ಲಿ ಹಿಂಗೆ’ ಅನ್ನುವುದು ಮಾತ್ರ ಮೊಬೈಲಿನಲ್ಲಿ ಸಿಗುವುದಿಲ್ಲ.

ಹೊಸಪೇಟೆಯ ಕ್ಲಬ್ಬಿನವರೂ ಆಗಾಗ ಕರೆಯುತ್ತಾರೆ. ಅಲ್ಲಿ ಕುರ್ಚಿ, ಮೈಕು, ಒಳ್ಳೆಯ ಪರದೆ ಎಲ್ಲ ಇರುತ್ತದೆ. ಮಾತು ಮುಗಿಯುವ ತನಕ ಎಲ್ಲರೂ ಗಮನವಿಟ್ಟು ಕೇಳಿ, ಆಮೇಲೆ ಪ್ರಶ್ನೆ ಕೇಳುತ್ತಾರೆ. ನಮ್ಮ ಗಾದಿಗನೂರಿನಲ್ಲಿ ಚಾಪೆ, ಗೋಡೆಗೆ ಬಿಗಿದು ಕಟ್ಟಿದ ಬಿಳಿ ಪಂಚೆ, ಬಾಡಿಗೆಗೆ ತಂದ ಪ್ರೊಜೆಕ್ಟರು. ಮೊದಲ ಚಿತ್ರ ಬೀಳುವಾಗಲೇ ಪ್ರಶ್ನೆಯೂ ಬೀಳುತ್ತದೆ. ಇದರ ನಡುವೆ ತೋರಣಗಲ್ಲಿನ ಕಡೆ ಗೂಡ್ಸ್ ರೈಲು ಹೊರಟಿತೆಂದರೆ ಅದರ ಕೊನೆಯ ಡಬ್ಬಿ ದಾಟುವ ತನಕ ನಾನು ಸುಮ್ಮನೆ ನಿಲ್ಲಬೇಕು. ಆ ಹೊತ್ತಿನಲ್ಲಿ ಜನ ಪಂಚೆಯ ಮೇಲಿನ ಚಿತ್ರವನ್ನೇ ದಿಟ್ಟಿಸುತ್ತಾರೆ, ಪಕ್ಕದವರ ಕಿವಿಯಲ್ಲಿ ಏನೋ ಹೇಳುತ್ತಾರೆ, ಬೆರಳು ಮಾಡಿ ತೋರಿಸುತ್ತಾರೆ. ರೈಲು ಹೋದ ಮೇಲೆ ಬರುವ ಪ್ರಶ್ನೆಗಳು ಗಟ್ಟಿ ಪ್ರಶ್ನೆಗಳು. ಇದನ್ನು ಗಮನಿಸಿದ ಮೇಲೆ, ರೈಲು ಬರದಿದ್ದರೂ ಒಂದೊಂದು ಚಿತ್ರಕ್ಕೆ ಸುಮ್ಮನಿರುವುದನ್ನು ರೂಢಿಸಿಕೊಂಡೆ. ಹೊಸಪೇಟೆಯಲ್ಲೂ ಈಗ ಹಾಗೇ ಮಾಡುತ್ತೇನೆ.

ಆ ಶನಿವಾರ ಅಕ್ಕ ಅತ್ತೆಯನ್ನು ಕೈಹಿಡಿದು ಕರೆತಂದರು. ಹನುಮಾನ್ ಘಾಟಿನ ಪಕ್ಕದ ಕರ್ನಾಟಕ ಘಾಟನ್ನು ತೋರಿಸಿದೆ, ಜಂಗಮವಾಡಿ ಮಠದ ಬಾಗಿಲು ತೋರಿಸಿದೆ. ಅಷ್ಟು ದೂರದ ಊರಿನಲ್ಲಿ ನಮ್ಮವರ ಹೆಸರು, ನಮ್ಮವರ ಮಠ ಇದೆಯೆಂದಾಗ ಕೂತವರೆಲ್ಲ ಒಮ್ಮೆ ಮುಂದಕ್ಕೆ ಬಾಗಿದರು. ಆಮೇಲೆ ನದಿಯ ಚಿತ್ರ ಬಂತು. ‘ಬೇರೆ ಕಡೆ ಪೂರ್ವಕ್ಕೆ ಹರಿಯುವ ಗಂಗೆ ಕಾಶಿಯಲ್ಲಿ ಉತ್ತರಕ್ಕೆ ತಿರುಗುತ್ತಾಳೆ. ಆ ಜಾಗದ ಮಹಿಮೆಗೆ ಇದೂ ಒಂದು ಕಾರಣ’ ಎಂದೆ. ಅಕ್ಕನ ಅತ್ತೆ ಕೂತಲ್ಲಿಂದಲೇ, ‘ನಮ್ಮ ಚಕ್ರತೀರ್ಥದಾಗೂ ಹೊಳಿ ಬಡಗಲಿಗೇ ತಿರುಗತೈತಲ್ಲಪ್ಪಾ, ಕೋದಂಡರಾಮನ ಗುಡಿ ಮುಂದೆ’ ಎಂದರು.

ನಿಜ. ಹಂಪಿಯ ಚಕ್ರತೀರ್ಥದಲ್ಲಿ ತುಂಗಭದ್ರೆ ಬಂಡೆಗಳ ನಡುವೆ ಉತ್ತರಕ್ಕೆ ಹೊರಳುತ್ತಾಳೆ. ಆ ಜಾಗ ಪುಣ್ಯದ್ದಾಗಿರುವುದು ಅದಕ್ಕೇ. ಕಣ್ಣು ಮಂಜಾದ ಆ ತಾಯಿ ಕಾಶಿಯನ್ನೂ ಹಂಪಿಯನ್ನೂ ಒಂದೇ ಮಾತಿನಲ್ಲಿ ಜೋಡಿಸಿಬಿಟ್ಟರು. ಅಲ್ಲಿಂದ ಮುಂದೆ ಹರಿಗೋಲಿನ ಮಾತು, ಹೊಳೆ ತುಂಬಿ ಪುರಂದರ ಮಂಟಪ ಮುಳುಗಿದ ಮಾತು. ಉಳಿದ ಚಿತ್ರಗಳನ್ನು ಇನ್ನೊಂದು ಸಂಜೆಗೆ ಇಟ್ಟುಕೊಂಡೆ. ನಾನು ಬಯಸುವ ಕಾರ್ಯಕ್ರಮ ಎಂದರೆ ಇದು.

ದೀಪ ಹಚ್ಚಿ ಪರದೆಯ ಮೇಲೆ ಚಿತ್ರ ಮೂಡಿಸಿ ಕಥೆ ಹೇಳುವುದು ನಮ್ಮ ಸೀಮೆಗೆ ಹೊಸದೇನಲ್ಲ. ತೊಗಲು ಗೊಂಬೆಯಾಟ ಬೇರೂರಿದ ನೆಲ ಇದು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಾಮಾಯಣದ ಜೊತೆಗೆ ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ತೊಗಲು ಗೊಂಬೆಗಳಲ್ಲಿ ಆಡಿಸಿದರು. ಇನ್ನು ಪ್ರೊಜೆಕ್ಟರು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳುವ ಹುಡುಗರಿಗೆ ನಾನು ವಿರೂಪಾಕ್ಷನ ಗುಡಿಗೆ ಹೋಗಿ ನೋಡಿ ಎನ್ನುತ್ತೇನೆ. ಗುಡಿಯ ಹಿಂಭಾಗದ ಕತ್ತಲೆ ಕೋಣೆಯಲ್ಲಿ ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಒಳಬಂದು, ಎದುರು ಗೋಡೆಯ ಮೇಲೆ ಒಂಬತ್ತು ಅಂತಸ್ತಿನ ಮಹಾಗೋಪುರ ತಲೆಕೆಳಗಾಗಿ ಮೂಡುತ್ತದೆ. ಗೋಪುರದ ತುದಿಯಿಂದ ಹೊರಟ ಬೆಳಕು ಕಿಂಡಿ ದಾಟಿ ಕೆಳಗೆ ಬೀಳುತ್ತದೆ, ಬುಡದ ಬೆಳಕು ಮೇಲೆ ಹೋಗುತ್ತದೆ, ಅಷ್ಟೇ ಅದರ ಗುಟ್ಟು. ಮಸೂರವಿಲ್ಲ, ಕರೆಂಟಿಲ್ಲ. ಅದನ್ನು ನೋಡಿ ಬಂದ ಹುಡುಗರಿಗೆ ಕ್ಯಾಮೆರಾದ ಪಾಠವನ್ನು ಬೇರೆ ಹೇಳಬೇಕಾಗಿಲ್ಲ.

ದೂರದ ಊರಿನ ಚಿತ್ರವೇ ಆಗಬೇಕೆಂದೂ ಇಲ್ಲ. ನಮ್ಮ ಜನ ಅತಿ ಹೆಚ್ಚು ಮಾತಾಡಿದ್ದು ಹಂಪಿಯ ಹಳೆಯ ಚಿತ್ರಗಳನ್ನು ತೋರಿಸಿದಾಗ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ದೊಡ್ಡ ಕ್ಯಾಮೆರಾ ಹೊತ್ತು ತಂದು, ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಹಿಡಿದಿಟ್ಟ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಆತ ನಿಂತಿದ್ದ ಜಾಗಗಳನ್ನೇ ಹುಡುಕಿ, ಅಲ್ಲೇ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಸುಮಾರು ನೂರಿಪ್ಪತ್ತೈದು ವರ್ಷದ ಪ್ರವಾಸ.

ಆ ಸಂಜೆ ಚಿತ್ರ ಹಾಕುವ ಮೊದಲು, ‘ಯಾರ ಹತ್ರ ಐವತ್ತು ರೂಪಾಯಿ ನೋಟು ಐತಿ, ತೆಗೀರಿ’ ಎಂದೆ. ಜೇಬು, ಸೆರಗಿನ ಗಂಟು, ಎಲೆಯಡಿಕೆ ಚೀಲಗಳಿಂದ ನೋಟುಗಳು ಹೊರಬಂದವು. ಹೊಸ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥ ಇದೆಯಲ್ಲ, ಅದರ ನೆತ್ತಿ ನೋಡಲು ಹೇಳಿದೆ. ಮೇಲೆ ಶಿಖರವಿಲ್ಲ. ಆಮೇಲೆ ಪಂಚೆಯ ಮೇಲೆ ಗ್ರೀನ್‌ಲಾ ತೆಗೆದ ಚಿತ್ರ ಬಿತ್ತು. ಅದೇ ರಥ, ಮೇಲೆ ಇಟ್ಟಿಗೆಯ ಶಿಖರ. ನೋಟು ಹಿಡಿದ ಕೈಗಳು ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಗಾರೆ ಕೆಲಸದ ಒಬ್ಬರು ಮುಂದೆ ಬಂದು ಪಂಚೆಯ ಹತ್ತಿರ ನಿಂತು, ಇಟ್ಟಿಗೆಯ ಸಾಲನ್ನು ಬೆರಳಿನಿಂದ ಸವರುತ್ತಾ, ‘ಗಾರೆ ಸಡಿಲಾದ್ರೆ ನೀರು ಇಳಿತೈತಿ, ಮ್ಯಾಲಿನ ಭಾರ ಕಲ್ಲಿಗೆ ಕುಂದ್ರತೈತಿ’ ಎಂದು ಸುಣ್ಣದ ಗಾರೆಯ ಬಗ್ಗೆ ಎಲ್ಲರಿಗೂ ತಿಳಿಯುವಂತೆ ಹೇಳಿದರು. ಅಲ್ಲಿದ್ದವರಲ್ಲಿ ಆ ಚಿತ್ರವನ್ನು ನಿಜವಾಗಿ ಓದಬಲ್ಲವರು ಅವರೇ. ನಾನು ಪಕ್ಕಕ್ಕೆ ಸರಿದು ನಿಂತೆ.

ಅಲ್ಲೇ ಇನ್ನೊಂದು ಯೋಚನೆ ಬಂತು. ಹೊರಗಿನವರು ನಮ್ಮ ನೆಲ ನೋಡಿ ಹೋಗಿ ತಮ್ಮವರಿಗೆ ಹೇಳಿದ್ದು ಬೇಕಾದಷ್ಟಿದೆ. 1443ರಲ್ಲಿ ಹೆರಾತಿನಿಂದ ಬಂದ ಅಬ್ದುಲ್ ರಜಾಕ್, ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪಾಯೆಸ್ ಬರೆದಿಟ್ಟಿದ್ದರಿಂದಲೇ ನಮ್ಮ ಮಹಾನವಮಿಯ ವೈಭವ ನಮಗೆ ಇಷ್ಟಾದರೂ ಗೊತ್ತಿದೆ. ನಮ್ಮೂರವರು ಹೊರಗೆ ಹೋಗಿ ಕಂಡದ್ದನ್ನು ಯಾರು ಕೇಳಿ ಇಟ್ಟುಕೊಂಡಿದ್ದಾರೆ? ಹರಿಪ್ರಿಯ ರೈಲು ಹತ್ತಿ ತಿರುಪತಿಗೆ ಹೋಗಿ ಬೆಟ್ಟದ ಮೆಟ್ಟಿಲನ್ನು ಮೊಣಕಾಲಲ್ಲಿ ಹತ್ತಿದ ಹೆಂಗಸರಿದ್ದಾರೆ. ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿ, ಇಪ್ಪತ್ತನೇ ಅಂತಸ್ತಿನಿಂದ ಆ ಊರನ್ನು ನೋಡಿದ ಹುಡುಗರಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವ ಮೊದಲು, ಸಂಡೂರು ಗುಡ್ಡದ ಅದಿರು ಹೇರಿಕೊಂಡು ಬಂದರುಗಳಿಗೆ ಲಾರಿ ಓಡಿಸಿದವರಿದ್ದಾರೆ. ನಮ್ಮ ಕೆಂಪು ಮಣ್ಣು ಹಡಗು ಹತ್ತಿದ್ದನ್ನು ಕಣ್ಣಾರೆ ಕಂಡವರು ಅವರು.

ಅಂಥ ಒಬ್ಬ ಲಾರಿ ಡ್ರೈವರಣ್ಣನನ್ನು ಬೇಲಿಯ ಹತ್ತಿರ ನಿಲ್ಲಿಸಿ, ‘ಮುಂದಿನ ಸಲ ನೀನೇ ಮಾತಾಡಬೇಕಪ್ಪಾ’ ಎಂದೆ. ‘ನನ್ನ ಹತ್ರ ಎಂಥ ಫೋಟೋ ಅವ ಸಾರ್? ಹಳೇ ಫೋನಿನಾಗೆ ನಾಕೈದು ಅದಾವ, ಅವೂ ಮಸುಕು’ ಎಂದ. ನಾಲ್ಕೈದು ಬೇಕಾದಷ್ಟಾಯಿತು. ಘಾಟಿನ ತಿರುವು, ಢಾಬಾದ ಮಂಚ, ಬಂದರಿನ ಹೊರಗೆ ಲಾರಿಗಳ ಸಾಲು, ಇವು ಮೂರಿದ್ದರೆ ಒಂದು ಸಂಜೆ ತುಂಬುತ್ತದೆ. ಮಸುಕಾಗಿದ್ದನ್ನು ಅವನ ಮಾತು ಬೆಳಗುತ್ತದೆ, ಬಿಟ್ಟುಹೋದದ್ದನ್ನು ಕೂತವರು ಕೇಳಿ ಹೊರಡಿಸುತ್ತಾರೆ. ಬಹಳ ಒತ್ತಾಯದ ಮೇಲೆ ಒಪ್ಪಿದ್ದಾನೆ. ಪಂಚೆ ಕಟ್ಟುವುದು, ಚಿತ್ರ ಬದಲಿಸುವುದು ನನ್ನ ಕೆಲಸ, ಮಾತೆಲ್ಲ ಅವನದು. ಅಕ್ಕನೂ ಅವರ ಅತ್ತೆಯೂ ಮುಂದಿನ ಸಾಲಿನಲ್ಲೇ ಕೂರುತ್ತಾರಂತೆ. ಸಮುದ್ರ ಹೇಗಿರುತ್ತದೆಂದು ಕೇಳಬೇಕಂತೆ ಆ ತಾಯಿಗೆ.