ಬಕೆಟ್ಟಿನಲ್ಲೊಂದು ಛತ್ರ

ಅಡುಗೆಮನೆಯ ಡಬ್ಬಿಯಿಂದ ಒಂದು ಹಿಡಿ ಧನಿಯ ಕದ್ದು, ಚಪ್ಪಲಿಯಡಿ ಹೊಸಕಿ ಹೋಳು ಮಾಡಿ, ಯಲಹಂಕದ ನಮ್ಮ ತಾರಸಿಯ ಒಡಕು ಬಕೆಟ್ಟಿನಲ್ಲಿ ಬಿತ್ತಿದಾಗ ನನಗಿದ್ದ ಆಸೆ ಬಲು ಚಿಕ್ಕದು: ತಿಳಿಸಾರಿಗೆ ನಮ್ಮದೇ ನಾಲ್ಕೆಸಳು ಸೊಪ್ಪು. ಕೊಯ್ಯುವ ಹೊತ್ತಿಗೆ ಸರಿಯಾಗಿ ತಿಪಟೂರಿನಲ್ಲೊಂದು ಮದುವೆ ಬಂತು, ಅದರ ಬೆನ್ನಿಗೇ ನನ್ನ ಸೋಮಾರಿತನವೂ ಬಂತು. ಒಂದು ದಿನ ಹತ್ತಿ ನೋಡಿದರೆ ಗಿಡ ಮೊಣಕಾಲೆತ್ತರ, ಎಲೆಯೆಲ್ಲ ಸಬ್ಬಸಿಗೆಯ ಹಾಗೆ ಸೀಳಿಕೊಂಡು, ತಲೆ ತುಂಬ ಬಿಳಿ ಹೂವಿನ ಕೊಡೆಗಳು.

"ಸೊಪ್ಪು ಎಲ್ರೀ?" ಅಂದಳು ನನ್ನಾಕೆ.

"ಹೂ ಬಿಟ್ಟಿದೆ" ಅಂದೆ, ಫೇಲಾದ ಮಗನ ಕ್ರಿಕೆಟ್ಟು ಹೊಗಳುವ ಅಪ್ಪನ ದನಿಯಲ್ಲಿ.

ಮರುದಿನ ಕಾಫಿ ಲೋಟ ಹಿಡಿದು ಹೂವಿನ ಮೇಲೆ ಬಗ್ಗಿದ್ದೆ. ಹಳದಿ ಕಪ್ಪು ಪಟ್ಟೆಯ ಪ್ರಾಣಿಯೊಂದು ಮೂಗಿನ ಮುಂದೆ ಗಾಳಿಯಲ್ಲೇ ನಿಂತುಬಿಟ್ಟಿತು. ಜೇನೇ ಸರಿ! ಓಡಿದೆ. ಕಾಫಿ ಪಂಚೆಯ ಮೇಲೆ, ಪಂಚೆ ಬಕೆಟ್ಟಿನ ಹಿಡಿಯಲ್ಲಿ.

ಪಕ್ಕದ ತಾರಸಿಯಲ್ಲಿದ್ದ ಮೇಷ್ಟ್ರು ನಕ್ಕರು. ಜಿಕೆವಿಕೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. (ಆ ಕೃಷಿ ವಿಶ್ವವಿದ್ಯಾಲಯವೂ ನಾನೂ 1964ರಲ್ಲೇ ಹುಟ್ಟಿದವರು, ಅದು ಎಕರೆಗಟ್ಟಲೆ ಬೆಳೆಯಿತು, ನಾನು ಬಕೆಟ್ಟಿನಲ್ಲೇ ಉಳಿದೆ.) "ಅದು ಹೂನೊಣ ಸ್ವಾಮಿ, ಕೊಂಡಿಯೇ ಇಲ್ಲ, ಬರೀ ಜೇನಿನ ವೇಷ. ರೆಕ್ಕೆ ಎಣಿಸಿ: ನೊಣಕ್ಕೆ ಎರಡು, ಜೇನಿಗೆ ನಾಲ್ಕು."

ಎಣಿಸಲು ಅದು ನಿಂತೀತು, ನಾನು ನಿಲ್ಲಬೇಕಲ್ಲ!

ಆಮೇಲೆ ಅವರು ಹೇಳಿದ್ದು ಕೇಳಿ ನನಗೆ ತಿಪಟೂರೇ ನೆನಪಾಯಿತು. ಕೊತ್ತಂಬರಿ ಹೂವಿನಲ್ಲಿ ಪರಾಗ ಮೊದಲು ಮಾಗುತ್ತದೆ, ಅದನ್ನು ಪಡೆಯುವ ಶಲಾಕಾಗ್ರ ತಡವಾಗಿ. ಆ ಮದುವೆಯಲ್ಲೂ ಗಂಡಿನವರು ಇಡ್ಲಿ ಮುಗಿಸಿ ಕೂತಿದ್ದರು, ಹೆಣ್ಣಿನ ಬಸ್ಸು ಇನ್ನೂ ತುಮಕೂರು ದಾಟಿರಲಿಲ್ಲ. ಹಾಗಾಗಿ ಒಂದು ಹೂವಿನಿಂದ ಇನ್ನೊಂದಕ್ಕೆ ಓಡಾಡುವ ದಲ್ಲಾಳಿಗಳಿದ್ದರೆ ಸಂಬಂಧ ಸಲೀಸು. ಅಂಚಿನ ಹೂಗಳ ಹೊರ ಎಸಳು ಮಾತ್ರ ದೊಡ್ಡವು, ಛತ್ರದ ಬಾಗಿಲಿಗೆ ಕಟ್ಟಿದ ಬಾಳೆಕಂದಿನ ಹಾಗೆ. ಮಕರಂದ ಆಳದಲ್ಲಿ ಅಡಗಿಲ್ಲ; ಗಿಡ್ಡ ನಾಲಿಗೆಯವರಿಗೂ ಎಲೆ ಹಾಕಿದೆ. ತುಡುವೆ, ಕಡ್ಡಿಜೇನು, ಎಳ್ಳಿಗಿಂತ ತುಸು ದಪ್ಪದ ನಸರಿ, ಜೊತೆಗೆ ನಮ್ಮ ವೇಷಧಾರಿ. ಇವನ ಮರಿಹುಳುಗಳು ಗಿಡದ ಹೇನು ತಿಂದು ಬೆಳೆಯುತ್ತವಂತೆ. ಬಾಡಿಗೆ ಕೊಡುವ ಅತಿಥಿ! ಹೆಬ್ಬಾಳದಲ್ಲಿ ಇಂಥ ಕೃಷಿಕೀಟಗಳಿಗೆಂದೇ ರಾಷ್ಟ್ರೀಯ ಬ್ಯೂರೋ ಇದೆ. ಅಲ್ಲಿನ ಫ್ಲೈಓವರಿನ ಮೇಲೆ ಎಷ್ಟು ಬೆಳಗುಗಳನ್ನು ಕಳೆದಿದ್ದೇನೋ, ಒಂದು ಸಲವೂ ಆ ಕಡೆ ಕತ್ತು ತಿರುಗಿಸಿರಲಿಲ್ಲ.

ಕಾಯಿ ಒಣಗಿದ ಮೇಲೆ ಉದುರಿಸಿದೆ. ಸರಿಯಾಗಿ ಒಂದು ಹಿಡಿ. ಸದ್ದಾಗದ ಹಾಗೆ ಡಬ್ಬಿಗೆ ಸುರಿದು ಮುಚ್ಚಳ ಒತ್ತುತ್ತಿದ್ದೆ.

"ಬಡ್ಡಿ ಎಲ್ರೀ?" ಅಂತ ಹಿಂದಿನಿಂದ ದನಿ ಬಂತು.